ಸುಳ್ಳು ಹೇಳುವ ಡಬ್ಬಿ

ಹಳೇ ಟಿವಿಯ ದೊಡ್ಡ ತೊಂದರೆ ಅಂದರೆ ಅದು ಕೆಡುವುದಿಲ್ಲ. ಕೆಟ್ಟಿದ್ದರೆ ಹೊಸದು ತಂದು ನೆಮ್ಮದಿಯಾಗಿರಬಹುದಿತ್ತು. ಬೆನ್ನು ಉಬ್ಬಿದ ಆ ಪೆಟ್ಟಿಗೆ ಮೂಲೆಯಲ್ಲಿ ಕೂತು, ಬಟನ್ ಒತ್ತಿದರೆ ಇವತ್ತಿಗೂ ಚೆನ್ನಾಗೇ ಹೊತ್ತಿಕೊಳ್ಳುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ, ಎತ್ತಲು ಸೊಂಟ ಒಪ್ಪುವುದಿಲ್ಲ. ಹಾಗಾಗಿ ಇಂಟರ್ನೆಟ್ಟಿನ ಸಿನಿಮಾವನ್ನು ಟಿವಿಗೆ ತರುವ ಹೊಸ ಸ್ಟ್ರೀಮಿಂಗ್ ಸ್ಟಿಕ್ ತಂದವರು ಟಾರ್ಚ್ ಹಿಡಿದು ಅದರ ಹಿಂದಕ್ಕೆ ಬಗ್ಗಲೇಬೇಕು.

ಅಲ್ಲಿ ಧೂಳಿನ ನಡುವೆ ಎವಿ ಅನ್ನುವ ಮೂರು ತೂತು. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಎಡ-ಬಲದ ಧ್ವನಿಗೆ. ಕೆಲವು ಟಿವಿಗಳಲ್ಲಿ ಕೆಂಪು ಇರುವುದೇ ಇಲ್ಲ. ಇರೋದು ಒಂದೇ ಸ್ಪೀಕರು, ಅದಕ್ಕೆ ಎಡವೇನು ಬಲವೇನು? ಇನ್ನೂ ಹಳೆಯದಾದರೆ ಆಂಟೆನಾದ ತೂತು ಮಾತ್ರ. ಆಗ ಆರ್‌ಎಫ್ ಮಾಡ್ಯುಲೇಟರ್ ಬೇಕು. ಅದು ಬಂದ ಚಿತ್ರವನ್ನೇ ಒಂದು ಚಾನೆಲ್ ಮಾಡಿ ಒಳಗೆ ಕಳಿಸುತ್ತದೆ.

ಸ್ಟಿಕ್ಕಿಗೆ ಇರುವುದೋ ಎಚ್‌ಡಿಎಂಐ, ಅಂದರೆ ಚಿತ್ರ-ಧ್ವನಿ ಎರಡನ್ನೂ ಒಂದೇ ತಂತಿಯಲ್ಲಿ ಕಳಿಸುವ ಪದ್ಧತಿ. ಈ ಪದ್ಧತಿ ಹುಟ್ಟಿದ್ದೇ 2002ರ ಕೊನೆಗೆ. ಒಂದು ತುದಿಗೆ ಎಚ್‌ಡಿಎಂಐ, ಇನ್ನೊಂದು ತುದಿಗೆ ಮೂರು ಬಣ್ಣದ ಪಿನ್ನು ಇರುವ ಬರೀ ಕೇಬಲ್ಲೂ ಮಾರಾಟಕ್ಕಿದೆ. ನೋಡಲು ಚೆಂದ, ಕೆಲಸಕ್ಕೆ ಬಾರದು. ಸ್ಟಿಕ್ ಕಳಿಸುವುದು ಸೊನ್ನೆ-ಒಂದರ ಲೆಕ್ಕ, ಟಿವಿಗೆ ಬೇಕಿರುವುದು ಏರಿಳಿಯುವ ಸಿಗ್ನಲ್. ಪಿನ್ನಿನ ಆಕಾರ ಬದಲಾದರೆ ಏನೂ ಆಗುವುದಿಲ್ಲ. ನಡುವೆ ಒಂದು ಕನ್ವರ್ಟರ್ ಕೂರಬೇಕು. ಅದನ್ನು ಕೊಳ್ಳುವಾಗಲೂ ಎಚ್ಚರ ಬೇಕು. ಎಚ್‌ಡಿಎಂಐಯಿಂದ ಎವಿಗೆ ಹೋಗುವುದೊಂದು, ಎವಿಯಿಂದ ಎಚ್‌ಡಿಎಂಐಗೆ ಬರುವುದಿನ್ನೊಂದು. ಎರಡೂ ನೋಡಲು ಒಂದೇ ಥರ. ಯಾವುದು ಒಳಗೆ, ಯಾವುದು ಹೊರಗೆ ಅಂತ ಕನ್ನಡಕ ಹಾಕಿಕೊಂಡು ಓದಬೇಕು.

ಈ ಪುಟ್ಟ ಡಬ್ಬಿ ಮಾಡುವ ಕೆಲಸ ದಲ್ಲಾಳಿಯದು, ಅದೂ ಸುಳ್ಳು ಹೇಳುವ ದಲ್ಲಾಳಿ. ಎಚ್‌ಡಿಎಂಐ ಸಾಧನ ಸುಮ್ನೆ ಚಿತ್ರ ಕೊಡುವುದಿಲ್ಲ. ಮೊದಲು ವಿಚಾರಣೆ. ನೀನು ಯಾರು? ಎಷ್ಟು ರೆಸಲ್ಯೂಷನ್ ತಡೀತೀಯ? ನಕಲು ತಡೆಯುವ ಎಚ್‌ಡಿಸಿಪಿ ಇದೆಯಾ? ಹಳೇ ಟಿವಿಗೆ ಉತ್ತರ ಕೊಡಲು ಬಾಯೇ ಇಲ್ಲ. ಹಳದಿ ತಂತಿಯಲ್ಲಿ ಏನಿದ್ದರೂ ಬರುವುದಷ್ಟೇ, ಹೋಗುವುದಿಲ್ಲ. ಹಾಗಾಗಿ ಡಬ್ಬಿಯೇ ಮುಂದೆ ಬಂದು, 'ನಾನೇ ಸ್ವಾಮಿ, ಫುಲ್ ಎಚ್‌ಡಿ ಟಿವಿ' ಅನ್ನುತ್ತದೆ. ಸ್ಟಿಕ್ ನಂಬಿ ಒಂದೊಂದು ಚಿತ್ರಕ್ಕೂ 20 ಲಕ್ಷಕ್ಕೂ ಹೆಚ್ಚು ಚುಕ್ಕೆ ಸುರಿಯುತ್ತದೆ. ಡಬ್ಬಿ ಅದರಲ್ಲಿ ಸುಮಾರು ಐದರಲ್ಲಿ ಒಂದು ಪಾಲನ್ನು ಮಾತ್ರ ಟಿವಿಗೆ ದಾಟಿಸುತ್ತದೆ. ಎಚ್‌ಡಿಸಿಪಿ ಪ್ರಶ್ನೆಗೆ ಡಬ್ಬಿ ತಡವರಿಸಿದರೆ ಮಾತ್ರ ಕಥೆ ಮುಗೀತು. ಮೆನು ಚೆನ್ನಾಗಿ ಕಾಣುತ್ತದೆ, ಸಿನಿಮಾ ಒತ್ತಿದ ಕೂಡಲೇ ಪರದೆ ಕಪ್ಪು. ದುಡ್ಡು ಕೊಟ್ಟು ನೋಡುವವನೂ ಕಳ್ಳನ ಲೆಕ್ಕಕ್ಕೇ ಸೇರುತ್ತಾನೆ.

ಡಬ್ಬಿಯ ಪಕ್ಕದಲ್ಲಿ ಉಗುರಿನಲ್ಲಿ ಸರಿಸುವಂಥ ಒಂದು ಸ್ವಿಚ್ಚಿರುತ್ತದೆ. ಒಂದು ಕಡೆ ಪಾಲ್, ಇನ್ನೊಂದು ಕಡೆ ಎನ್‌ಟಿಎಸ್‌ಸಿ; ಎರಡೂ ಹಳೇ ಬಣ್ಣದ ಟಿವಿಯ ಬೇರೆ ಬೇರೆ ಪದ್ಧತಿಗಳು. ಪಾಲ್ ಅಂದರೆ ಸಾಮಾನ್ಯವಾಗಿ 625 ಗೆರೆ, ಸೆಕೆಂಡಿಗೆ 25 ಚಿತ್ರ. ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಹೆಚ್ಚುಕಡಿಮೆ 30 ಚಿತ್ರ. ಟಿವಿಗೆ ಒಗ್ಗದ ಕಡೆ ಇಟ್ಟರೆ ಬಣ್ಣ ಮಾಯವಾಗುತ್ತದೆ, ಇಲ್ಲವೇ ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತಲೇ ಇರುತ್ತದೆ. ಟಿವಿ ಕೆಟ್ಟಿತು ಅಂತ ಖುಷಿಪಡುವ ಮೊದಲು ಇದನ್ನೊಮ್ಮೆ ಸರಿಸಿ ನೋಡಬೇಕು.

ಆ ಹಳದಿ ತಂತಿಯ ಬಗ್ಗೆ ನನಗೆ ಗೌರವ ಜಾಸ್ತಿ. 1953ರಲ್ಲಿ ಅಮೆರಿಕದಲ್ಲಿ ಎನ್‌ಟಿಎಸ್‌ಸಿ ಬಣ್ಣದ ಪದ್ಧತಿಗೆ ಒಪ್ಪಿಗೆ ಸಿಕ್ಕಾಗ ಮನೆಗಳಲ್ಲಿದ್ದದ್ದು ಕಪ್ಪು-ಬಿಳುಪು ಟಿವಿಗಳು. ಅವು ಮೂಲೆಗೆ ಸೇರಬಾರದು ಅಂತಲೇ ಎಂಜಿನಿಯರುಗಳು ಹಳೇ ಸಿಗ್ನಲ್ಲಿನ ಒಳಗೇ ಬಣ್ಣವನ್ನು ತೂರಿಸಿದರು. ಹೊಸ ಟಿವಿ ಬಣ್ಣ ಹೆಕ್ಕಿಕೊಂಡಿತು, ಹಳೆಯದು ತನ್ನ ಪಾಡಿಗೆ ಕಪ್ಪು-ಬಿಳುಪು ತೋರಿಸಿತು. ಹಳದಿ ತಂತಿಯಲ್ಲಿ ಹರಿಯುವುದು ಇವತ್ತಿಗೂ ಆ ಥರದ ಬೆರಕೆಯೇ. ಹತ್ತಿರ ಹೋಗಿ ನೋಡಿ, ಕೆಂಪು ಅಕ್ಷರದ ಅಂಚಿನಲ್ಲಿ ಸಣ್ಣ ಚುಕ್ಕೆಗಳು ಹರಿದಾಡುತ್ತಿರುತ್ತವೆ. ಬಣ್ಣ ಮತ್ತು ಬೆಳಕು ಪೂರ್ತಿ ಬೇರೆಯಾಗದೆ ಉಳಿದ ಗುರುತು ಅದು. ಅವರು ಹಳೇ ಟಿವಿ ಇದ್ದವರನ್ನು ನೆನಪಿಟ್ಟುಕೊಂಡರು. ಎಚ್‌ಡಿಸಿಪಿ ಮಾಡಿದವರು ಕಳ್ಳರನ್ನು ನೆನಪಿಟ್ಟುಕೊಂಡರು. ನನಗಂತೂ ಮೊದಲಿನವರೇ ಇಷ್ಟ.

ಡಬ್ಬಿಗೂ ಕರೆಂಟ್ ಬೇಕು, ಟಿವಿಯಲ್ಲಿ ಯುಎಸ್‌ಬಿ ಇಲ್ಲ. ಯಾರದೋ ಫೋನ್ ಚಾರ್ಜರ್ ಅದರ ಪಾಲಾಗುತ್ತದೆ. ಕೊನೆಗೆ ರಿಮೋಟಿನಲ್ಲಿ ಎವಿ ಒತ್ತಿದರೆ, ಬಂತು! ಆದರೆ ಎಲ್ಲರ ಮುಖವೂ ಉದ್ದುದ್ದ. 16:9ರ (ಅಗಲ:ಎತ್ತರ) ಚಿತ್ರವನ್ನು 4:3ರ ಪರದೆಗೆ ಒತ್ತರಿಸಿದ ಫಲ ಇದು. ಅಂಚಿನ ಸ್ವಲ್ಪ ಭಾಗ ಚೌಕಟ್ಟಿನ ಹಿಂದೆ ಅಡಗಿ, ಕೆಳಗಿನ ಸಬ್‌ಟೈಟಲ್ ಅರ್ಧ ನುಂಗಿಹೋಗಿರುತ್ತದೆ. ಸ್ಟಿಕ್ಕಿನ ಸೆಟ್ಟಿಂಗಿನಲ್ಲಿ ಚಿತ್ರವನ್ನು ಕುಗ್ಗಿಸುವ ಆಯ್ಕೆಯಿದ್ದರೆ ಮೇಲೆ-ಕೆಳಗೆ ಕಪ್ಪು ಪಟ್ಟಿ ಬಿಟ್ಟು ಎಲ್ಲ ಸರಿಮಾಡಬಹುದು. ಮಾಡಿದರೆ ಮನೆಯಲ್ಲಿ ಒಬ್ಬರಾದರೂ, 'ಮೊದಲೇ ಚೆನ್ನಾಗಿತ್ತಲ್ವಾ, ಪರದೆ ತುಂಬ ಬರ್ತಿತ್ತು' ಅನ್ನುತ್ತಾರೆ. ರಿಮೋಟು ಯಾವಾಗಲೂ ಅವರ ಕೈಯಲ್ಲೇ ಇರುತ್ತದೆ.