ಬಾಣಂತನ ಮುಗಿದ ಮೇಲೆ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ?

ನಮ್ಮ ಕಾಸರಗೋಡಿನ ಕಡೆ ಬಾಣಂತಿಯನ್ನು ನೋಡಿಕೊಳ್ಳುವ ರೀತಿ ನನಗೆ ತುಂಬಾ ಇಷ್ಟ. ಮೈಗೆ ಎಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹೊಯ್ದು, ತಲೆಗೆ ಬಟ್ಟೆ ಕಟ್ಟಿ ಮಲಗಿಸುತ್ತಾರೆ. ಊಟಕ್ಕೆ ಒಳ್ಳೆಮೆಣಸಿನ ಸಾರು, ಆಮೇಲೆ ಲೇಹ್ಯ. ಮಗು ಅತ್ತರೆ ಎತ್ತಿಕೊಳ್ಳೋಕೆ ಮನೆಯಲ್ಲಿ ಜನ ಇರುತ್ತಾರೆ. "ನೀನು ಏಳ್ಬೇಡ, ಮಲಕ್ಕೋ" ಅಂತ ದೊಡ್ಡಮ್ಮ ಗದರುತ್ತಾರೆ. ಹೆತ್ತವಳಿಗೆ ವಿಶ್ರಾಂತಿ ಬೇಕು ಅನ್ನೋದರಲ್ಲಿ ಆಗ ಯಾರಿಗೂ ಸಂಶಯ ಇಲ್ಲ.

ಅದೇ ಹೆಂಗಸು, ಮಗು ಶಾಲೆಗೆ ಹೋಗೋ ಹೊತ್ತಿಗೆ, "ನನ್ನಿಂದ ಆಗ್ತಾ ಇಲ್ಲ" ಅಂದರೆ? "ಎರಡು ಮಕ್ಕಳಿಗೇ ಹೀಗಾದ್ರೆ ಹೇಗೆ? ನಾವು ಐದಾರು ಸಾಕಿಲ್ವಾ?"

ಸಾಕಿದ್ದಾರೆ, ನಿಜ. ಆದರೆ ಆಗ ಜಗಲಿಯಲ್ಲಿ ಅಜ್ಜಿ, ಅಡುಗೆಮನೆಯಲ್ಲಿ ಅತ್ತಿಗೆ, ಪಕ್ಕದ ಮನೆಯಲ್ಲಿ ಚಿಕ್ಕಮ್ಮ ಇದ್ದರು. ಈಗ ಬದಿಯಡ್ಕದಲ್ಲೋ ಉಪ್ಪಳದಲ್ಲೋ ಎಷ್ಟು ಮನೆಗಳಲ್ಲಿ ಗಂಡ ಗಲ್ಫ್‌ನಲ್ಲಿ, ಮೈದುನ ಬೆಂಗಳೂರಿನಲ್ಲಿ. ಮನೆಯಲ್ಲಿರೋದು ಅವಳು, ಮಕ್ಕಳು ಮತ್ತು ಮೊಣಕಾಲು ನೋವಿನ ಅತ್ತೆ. ಮಧ್ಯೆ ಬೀಡಿ ಕಟ್ಟೋದೋ ಅಡಿಕೆ ಸುಲಿಯೋದೋ ಇದ್ದೇ ಇರುತ್ತದೆ.

ಹೀಗೆ ಮೈಮನಸ್ಸು ಬತ್ತಿಹೋಗೋದಕ್ಕೆ ಬರ್ನೌಟ್ ಅಂತಾರೆ. ಅದರ ಬಗ್ಗೆ 1974ರಲ್ಲಿ ಮೊದಲು ಬರೆದವರಲ್ಲಿ ಒಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿದು ದುಡಿದು ಬತ್ತಿಹೋದವರನ್ನು ನೋಡಿ ಬರೆದದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ಮತ್ತು ಆರೋಗ್ಯ ಸಮಸ್ಯೆಗಳ ಪಟ್ಟಿಯಲ್ಲಿ ಅದನ್ನು ಮೊದಲಿಗಿಂತ ವಿವರವಾಗಿ ಹೇಳಿತು, ಆದರೆ ಉದ್ಯೋಗಕ್ಕೆ ಸಂಬಂಧಿಸಿದ ಸಮಸ್ಯೆ ಅಂತ ಮಾತ್ರ. ರಜೆಯೇ ಇಲ್ಲದ ತಾಯ್ತನ ಆ ಲೆಕ್ಕಕ್ಕೆ ಬರುವುದಿಲ್ಲ. ಇದು ನನಗೆ ಇವತ್ತಿಗೂ ಒಪ್ಪಿಗೆಯಾಗದ ವಿಷಯ.

ತಂದೆ ತಾಯಂದಿರ ಬರ್ನೌಟ್ ಅನ್ನು ಗಟ್ಟಿಯಾಗಿ ಅಧ್ಯಯನ ಮಾಡಿದವರು ಬೆಲ್ಜಿಯಂನ ಇಬ್ಬರು ಹೆಂಗಸರು, ಇಸಬೆಲ್ ರೋಸ್ಕಾಮ್ ಮತ್ತು ಮೊಯ್ರಾ ಮಿಕೊಲೈಚಾಕ್. ಅವರು ಹೇಳುವ ಲಕ್ಷಣಗಳಲ್ಲಿ ಸುಸ್ತು ಇದೆ, "ಸಾಕಪ್ಪಾ ಸಾಕು" ಅನ್ನಿಸೋದು ಇದೆ, "ನಾನು ಮೊದಲು ಹೀಗಿರಲಿಲ್ಲ" ಅನ್ನೋ ನೋವು ಇದೆ. ನನ್ನನ್ನು ಹೆದರಿಸಿದ್ದು ಮಾತ್ರ ಇನ್ನೊಂದು. ಮಕ್ಕಳ ಕೆಲಸ ಎಲ್ಲ ನಡೀತಾ ಇರುತ್ತದೆ, ಮನಸ್ಸು ಮಾತ್ರ ಅಲ್ಲಿರುವುದಿಲ್ಲ.

ನನ್ನ ಮಗಳು ಕಲೋತ್ಸವದಲ್ಲಿ ಕನ್ನಡ ಕಂಠಪಾಠಕ್ಕೆ ಬಹುಮಾನ ತಗೊಂಡು ಓಡಿ ಬಂದಿದ್ದಳು. ಬೆವರಿದ ಮುಖ, ಹಣೆಯ ಬೊಟ್ಟು ಒಂದು ಕಡೆಗೆ ಜಾರಿತ್ತು. ನಾನು "ಕೈ ತೊಳ್ಕೊಂಡು ಬಾ, ದೋಸೆ ಆರುತ್ತೆ" ಅಂದೆ. ಅವಳು ಪ್ರಮಾಣಪತ್ರವನ್ನು ಫ್ರಿಜ್ಜಿನ ಮೇಲಿಟ್ಟು ಕೈ ತೊಳೆಯೋಕೆ ಹೋದಳು. ನನಗೆ ಖುಷಿಯೂ ಆಗಲಿಲ್ಲ, ಬೇಜಾರೂ ಆಗಲಿಲ್ಲ. ಪ್ರೀತಿ ಇಲ್ಲದೆ ಹಾಗಾದದ್ದಲ್ಲ. ಖುಷಿಪಡೋಕೂ ಮೈಯಲ್ಲಿ ಸ್ವಲ್ಪ ಕಸುವು ಬೇಕಲ್ವಾ?

ಆ ಕಸುವು ಎಲ್ಲಿಗೆ ಹೋಗುತ್ತದೆ? ಪಾತ್ರೆ, ಬಟ್ಟೆ, ಅಡುಗೆಗೆ ಹೋಗೋದು ಕಣ್ಣಿಗೆ ಕಾಣುತ್ತದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಆ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಆದರೆ ಕೆಲಸವನ್ನು ನೆನಪಿಟ್ಟುಕೊಳ್ಳೋದಕ್ಕೆ ಹೋಗುವ ಹೊತ್ತನ್ನು ಗಡಿಯಾರ ನೋಡಿ ಅಳೆಯೋಕಾಗಲ್ಲ. ಸಮವಸ್ತ್ರ ಚಿಕ್ಕದಾಯ್ತು. ಚುಚ್ಚುಮದ್ದು ಈ ತಿಂಗಳು. ಅತ್ತೆಯ ಮಾತ್ರೆ ನಾಡಿದ್ದು ಮುಗಿಯುತ್ತದೆ.

ನಮ್ಮ ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಸುತ್ತು ಇದೆ. ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ರಾತ್ರಿ ಮಲಯಾಳದಲ್ಲಿ ಮೆಸೇಜ್ ಬರುತ್ತದೆ. ನನಗೆ ಮಾತು ಅರ್ಥವಾಗುತ್ತದೆ, ಅಕ್ಷರ ಓದೋಕೆ ಕಷ್ಟ. ನಮ್ಮಲ್ಲಿ ಎಷ್ಟೋ ಅಮ್ಮಂದಿರು ಹೀಗೇ. ಅದನ್ನು ಕಾಪಿ ಮಾಡಿ ಕನ್ನಡಕ್ಕೆ ತಿರುಗಿಸಿ ನೋಡುವಷ್ಟರಲ್ಲಿ, ನಾಳೆಗೆ ಚಾರ್ಟ್ ಪೇಪರ್ ಬೇಕು ಅಂತ ಗೊತ್ತಾಗುತ್ತದೆ. ಅಂಗಡಿ ಮುಚ್ಚಿರುತ್ತದೆ. ಪಂಚಾಯತ್ ಅರ್ಜಿ ಮಲಯಾಳದಲ್ಲಿ, ದೊಡ್ಡ ಕಾಯಿಲೆಗೆ ಆಸ್ಪತ್ರೆ ತಲಪಾಡಿ ಗಡಿ ದಾಟಿ ಮಂಗಳೂರಿನಲ್ಲಿ. ಇದನ್ನೆಲ್ಲ ಹೊಂದಿಸೋಳು ಒಬ್ಬಳೇ.

ಅದಕ್ಕೇ "ಒಂದೆರಡು ದಿನ ತವರಿಗೆ ಹೋಗಿ ಬಾ" ಅನ್ನೋ ಸಲಹೆ ಸಾಲದು. ಹೋಗಿ ಬರೋದು ಒಳ್ಳೆಯದೇ. ಆದರೆ ಅಲ್ಲಿ ಕೂತಾಗಲೂ ಫೋನು ಬರುತ್ತದೆ, "ಟೈ ಎಲ್ಲಿಟ್ಟಿದ್ದೀ?" ಅಂತ. ಆ ಬೆಲ್ಜಿಯಂನವರು ಹೇಳೋದೂ ಇದನ್ನೇ: ಭಾರ ಜಾಸ್ತಿಯಾಗಿ, ಆಸರೆ ಕಡಿಮೆಯಾಗಿ, ಅದು ಹಾಗೇ ಮುಂದುವರಿದಾಗ ಬರ್ನೌಟ್ ಬರುತ್ತದೆ. ಭಾರ ಇಳಿಸದೆ, ಆಸರೆ ಹೆಚ್ಚಿಸದೆ ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದರೂ ಮೂರನೇ ದಿನ ಅದೇ ಕಥೆ.

ನನ್ನ ಮಟ್ಟಿಗೆ ಚೇತರಿಕೆ ಶುರುವಾದದ್ದು ಒಂದು ಕೆಲಸವನ್ನು ಬುಡಸಮೇತ ಬಿಟ್ಟುಕೊಟ್ಟಾಗ. ನಮ್ಮ ಮನೆಯವರು ಶಾರ್ಜಾದಲ್ಲಿದ್ದಾರೆ. ಶಾಲೆಯ ಗ್ರೂಪಿನಿಂದ ನಾನು ಹೊರಬಂದೆ, ಅವರು ಸೇರಿದರು. ಈಗ ಫೀಸು, ಬಸ್ಸು, ಚಾರ್ಟ್ ಪೇಪರ್, ಡಾಕ್ಟರ್ ಅಪಾಯಿಂಟ್‌ಮೆಂಟ್ ಎಲ್ಲ ಅವರ ತಲೆಬಿಸಿ. ಅಂಗಡಿಯವರಿಗೆ ಅಲ್ಲಿಂದಲೇ ಫೋನ್ ಮಾಡಿ ಹೇಳುತ್ತಾರೆ. ಮಗಳು ಸಂಜೆ ಅವರಿಗೇ ವರದಿ ಒಪ್ಪಿಸುತ್ತಾಳೆ. ಗಲ್ಫ್‌ನಲ್ಲಿರುವ ಅಪ್ಪಂದಿರೇ, "ದೂರ ಇದ್ದೇನೆ, ನಾನೇನು ಮಾಡೋಕಾಗುತ್ತೆ" ಅನ್ನಬೇಡಿ. ಇಷ್ಟು ಖಂಡಿತ ಮಾಡಬಹುದು. "ಏನು ಮಾಡ್ಬೇಕು ಹೇಳು, ಮಾಡ್ತೇನೆ" ಅಂದರೆ ನೆನಪಿಡುವ ಕೆಲಸ ಮತ್ತೆ ಅವಳದ್ದೇ ಆಯಿತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎಲ್ಲ ಸುಸ್ತೂ ಬರ್ನೌಟ್ ಅಲ್ಲ. ರಕ್ತಹೀನತೆ, ಥೈರಾಯ್ಡ್ ಇದ್ದರೂ ಹೀಗಾಗುತ್ತದೆ, ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮಕ್ಕಳ ವಿಷಯದಲ್ಲಿ ಮಾತ್ರ ಅಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸಿದರೆ, ಅಥವಾ ಮಗುವಿಗೆ ಏನಾದರೂ ಮಾಡಿಬಿಡ್ತೇನೋ ಅಂತ ಭಯವಾದರೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ.

ಇದನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಬರೋದು ಎಣ್ಮಕಜೆ ಪಂಚಾಯತಿನ ಸ್ವರ್ಗ, ಪಡ್ರೆ ಊರುಗಳ ಅಮ್ಮಂದಿರು. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಅನ್ನೋ ಕೀಟನಾಶಕ ಸಿಂಪಡಿಸಿದರು. ಆ ವಿಷಕ್ಕೆ ಸಿಕ್ಕಿ ಕೈಕಾಲಿನ ಶಕ್ತಿ ಇಲ್ಲದೆ ಅಲ್ಲಿ ಬೆಳೆದು ದೊಡ್ಡವರಾದ ಮಕ್ಕಳನ್ನು ಇವತ್ತಿಗೂ ಎತ್ತಿ ಕೂರಿಸಿ, ಬಾಯಿಗೆ ತುತ್ತು ಕೊಡುವ ತಾಯಂದಿರಿದ್ದಾರೆ. ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಅದು ಬೇಕೇ ಬೇಕು. ಆದರೆ ಆ ಅಮ್ಮನ ಸೊಂಟಕ್ಕೆ, ನಿದ್ದೆಗೆ ಯಾವ ಪರಿಹಾರ? ವಿಶೇಷ ಮಕ್ಕಳಿಗಾಗಿ ಇರುವ ಬಡ್ಸ್ ಶಾಲೆಗಳು ಮಕ್ಕಳಿಗೆ ಮಾತ್ರ ಅಲ್ಲ, ಅಮ್ಮಂದಿರಿಗೂ ಆಸರೆ. ಮಗು ಅಲ್ಲಿರುವ ಹೊತ್ತಿನಲ್ಲಿ ತಾಯಿ ಒಂದು ಗಳಿಗೆ ಬೆನ್ನು ನೆಲಕ್ಕೆ ತಾಗಿಸಬಹುದು.

ಮುಂದಿನ ಗ್ರಾಮಸಭೆಯಲ್ಲಿ ನಾನು ಕೇಳಬೇಕು ಅಂದುಕೊಂಡಿರೋದು ಎರಡು. ಬಡ್ಸ್ ಶಾಲೆಗೆ ಹೋಗೋಕೂ ಆಗದ, ಹಾಸಿಗೆಯಲ್ಲೇ ಇರುವ ಮಕ್ಕಳ ಮನೆಗೆ ವಾರಕ್ಕೆ ಕೆಲವು ಗಂಟೆಯಾದರೂ ತರಬೇತಿ ಇರುವ ಒಬ್ಬರು ಹೋಗಿ ಕೂರಬೇಕು, ಅವರಿಗೆ ಪಂಚಾಯತ್ ಸಂಬಳ ಕೊಡಬೇಕು. ಮತ್ತೆ, ಕುಟುಂಬಶ್ರೀ ಮಹಿಳಾ ಸಂಘದ ಸಭೆಗಳಲ್ಲಿ ಸಾಲ, ಉಳಿತಾಯದ ಲೆಕ್ಕ ಆದ ಮೇಲೆ ಈ ಸುಸ್ತಿನ ಬಗ್ಗೆಯೂ ಮಾತಾಡೋಕೆ ಸಮಯ ಇಡಬೇಕು. ನಿಮ್ಮ ವಾರ್ಡಿನಲ್ಲೂ ಕೇಳಿ. ಒಬ್ಬಳೇ ಎದ್ದು ನಿಲ್ಲೋಕೆ ಸಂಕೋಚವಾದರೆ ಅಕ್ಕಪಕ್ಕದ ಇಬ್ಬರನ್ನು ಜೊತೆಗೆ ಕರ್ಕೊಂಡು ಹೋಗಿ.