994 ಚೈನು ಮೂರಾಣೆ

ಹೋದ ಭಾನುವಾರ ನಮ್ಮ ತುಮಕೂರಿನ ರಸ್ತೆ ಓಟದಲ್ಲಿ ಹತ್ತು ಕಿಲೋಮೀಟರನ್ನು 59 ನಿಮಿಷ 48 ಸೆಕೆಂಡಿನಲ್ಲಿ ಮುಗಿಸಿದೆ. ಇವತ್ತು ಗುರುವಾರ. ಇಲ್ಲಿಯವರೆಗೆ ಒಬ್ಬರಾದರೂ "ಎಷ್ಟು ಹೊತ್ತು ತಗೊಂಡ್ರಿ?" ಅಂತ ಕೇಳಿಲ್ಲ. ಆಫೀಸಿನ ಅಟೆಂಡರಿನಿಂದ ಹಿಡಿದು ಸೊಪ್ಪಿನಜ್ಜಿಯವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟನೆಯವರಾಗಿ ಬಂದ್ರಿ?"

ಮುನ್ನೂರ ಚಿಲ್ಲರೆ. ಹಾಗಂದ ಕೂಡಲೇ ಎದುರಿನವರು ಸಾವಿನ ಮನೆಗೆ ಬಂದವರ ದನಿ ತೆಗೆಯುತ್ತಾರೆ. "ಹೋಗ್ಲಿ ಬಿಡಿ ಸಾರ್, ಭಾಗವಹಿಸಿದ್ರಲ್ಲ, ಅದೇ ದೊಡ್ಡದು." ನನಗೆ ಯಾರ ಸಮಾಧಾನವೂ ಬೇಕಿಲ್ಲ ಸ್ವಾಮಿ! ನನ್ನ ಹಳೆಯ ಟೈಮು 61 ನಿಮಿಷ 40 ಸೆಕೆಂಡು. ಅದನ್ನು ಮುರಿದಿದ್ದೇನೆ, ಒಂದು ಗಂಟೆಯ ಒಳಗೆ ಬಂದಿದ್ದೇನೆ, ಇದಕ್ಕೆ ಪರ್ಸನಲ್ ಬೆಸ್ಟ್ ಅಂತಾರೆ ಅಂತ ಮನೆಯಲ್ಲಿ ಬಿಡಿಸಿ ಹೇಳಿದೆ. ಹೆಂಡತಿ ಬೀನ್ಸ್ ನಾರು ತೆಗೆಯುತ್ತಾ ಕೇಳಿಸಿಕೊಂಡಳು. "ಅಂದ್ರೆ ನಿಮ್ಮನ್ನ ನೀವೇ ಸೋಲಿಸಿದ್ರಿ. ಅದಕ್ಕೆ ಆರುನೂರು ರೂಪಾಯಿ ಕಟ್ಟಿದ್ರಿ." ಅಮ್ಮ ಮೆಡಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ಎಲ್ರಿಗೂ ಕೊಟ್ರಂತಲ್ಲ?" ಅಂದರು. ಅದನ್ನು ಅವರಿಗೆ ಹೇಳಿದ್ದು ಯಾರು ಅಂತ ಇನ್ನೂ ಪತ್ತೆಯಾಗಿಲ್ಲ.

ಓಡಿದ್ದೇನು ಸುಮ್ಮನೆಯೇ? ಆರು ಗಂಟೆಗೆ ಶುರು ಅಂದಿದ್ದರು. ಬಾವುಟ ಬೀಸಬೇಕಾದ ಮುಖ್ಯ ಅತಿಥಿಗಳು ಬಂದಾಗ ಆರೂ ಮುಕ್ಕಾಲು. ಅಲ್ಲಿಯವರೆಗೆ ಮೈಕು ಹಿಡಿದ ಹುಡುಗಿಯೊಬ್ಬಳು ಜುಂಬಾ ಮಾಡಿಸಿ ನಮ್ಮ ಕಾಲಿನಲ್ಲಿದ್ದ ಅರ್ಧ ಕಸುವನ್ನು ಅಲ್ಲೇ ಹಿಂಡಿಬಿಟ್ಟಿದ್ದಳು. ಬಿ.ಎಚ್. ರಸ್ತೆಯಲ್ಲಿ ಕ್ಯಾತ್ಸಂದ್ರದ ಕಡೆಗೆ ಹೋಗಿ ವಾಪಸ್ ಬರುವ ದಾರಿ. ಒಂದು ಪಕ್ಕ ನಮಗೆ, ಇನ್ನೊಂದು ಪಕ್ಕ ವಾಹನಗಳಿಗೆ ಅಂತ ಪೊಲೀಸರು ಹೇಳಿದ್ದರು. ಭದ್ರಮ್ಮ ವೃತ್ತ ದಾಟುವಷ್ಟರಲ್ಲಿ ಎರಡೂ ಪಕ್ಕ ಎಲ್ಲರದೂ ಆಗಿತ್ತು. ಬಟವಾಡಿ ಹತ್ತಿರ ಹಾಲಿನ ವ್ಯಾನಿನವನು ಸ್ವಲ್ಪ ದೂರ ನನ್ನ ಸಮಕ್ಕೇ ಬಂದು, "ಸಾರ್, ಡ್ರಾಪ್ ಬೇಕಾ?" ಅಂದ. ತಿರುವಿನಲ್ಲಿ ತಟ್ಟೆ ಇಡ್ಲಿ ಬೇಯುವ ವಾಸನೆ. ಇಷ್ಟೆಲ್ಲ ದಾಟಿ 59:48.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ನಮ್ಮ ಎದುರು ಮನೆಯಲ್ಲಿ ಸರ್ವೇ ಸಾಹೇಬರು ಇಲ್ಲದೇ ಹೋಗಿದ್ದರೆ.

ಸಾಹೇಬರು ಭೂಮಾಪನ ಇಲಾಖೆಯಲ್ಲಿ ಸರ್ವೇಯರಾಗಿದ್ದು ನಿವೃತ್ತರಾದವರು. ಅಳತೆಯ ವಿಷಯದಲ್ಲಿ ಹೆತ್ತ ತಾಯಿಯನ್ನೂ ನಂಬುವವರಲ್ಲ. ಬೀದಿಯಲ್ಲಿ ಯಾರೇ ಮನೆ ಕಟ್ಟಿಸಲಿ, ಪಾಯ ತೋಡುವ ದಿನ ಜೇಬಿನಲ್ಲಿ ಟೇಪು ಇಟ್ಟುಕೊಂಡು ಕರೆಯದೇ ಹೋಗುತ್ತಾರೆ. ಮಗಳ ಮದುವೆಗೆ ಜಮಖಾನ ಹಾಸಿದವನಿಗೂ ಅರ್ಧ ಅಡಿ ಕಮ್ಮಿ ಅಂತ ದುಡ್ಡು ಮುರಿದವರು. ನಾನು 59:48 ಅಂದಾಗ ಇಡೀ ತುಮಕೂರಿನಲ್ಲಿ ಅವರೊಬ್ಬರು ಮಾತ್ರ "ಎಷ್ಟನೆಯವನು" ಅಂತ ಕೇಳಲಿಲ್ಲ. ನನಗೆ ಕಣ್ಣು ತುಂಬಿ ಬರುವುದರಲ್ಲಿತ್ತು. ಅಷ್ಟರಲ್ಲಿ ಕನ್ನಡಕ ಸರಿ ಮಾಡಿಕೊಂಡು ಕೇಳಿದರು: "ಹತ್ತು ಕಿಲೋಮೀಟರ್ ಅಂತ ಅಳೆದೋರು ಯಾರಪ್ಪಾ?"

"ಸಂಘಟಕರು ಸಾರ್."

"ಯಾತರಲ್ಲಿ?"

ನನಗೇನು ಗೊತ್ತು? ಕೈಗಡಿಯಾರ ತೋರಿಸಿದೆ. ಅದರಲ್ಲಿ 10.12 ಕಿ.ಮೀ. ಅಂತಿತ್ತು. ಸಾಹೇಬರು ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. "ಆಕಾಶದಲ್ಲಿರೋ ಉಪಗ್ರಹ ಅಳೆಯೋದು ಅಳತೇನಾ? ಅಳತೆ ಅಂದ್ರೆ ನೆಲ ಮುಟ್ಬೇಕು." ಒಂದು ಲೆಕ್ಕಕ್ಕೆ ಅವರು ಹೇಳಿದ್ದು ಸರಿಯೇ. ರಸ್ತೆಯಲ್ಲಿ ಅತ್ತಿತ್ತ ಸುತ್ತಿಕೊಂಡು ಓಡಿದ್ದಕ್ಕೂ, ಸಿಗ್ನಲ್ಲು ಅಲ್ಲಾಡಿದ್ದಕ್ಕೂ ಗಡಿಯಾರ ಸಾಮಾನ್ಯವಾಗಿ ಒಂದಿಷ್ಟು ಹೆಚ್ಚಿಗೇ ತೋರಿಸುತ್ತದೆ. ಆದರೆ ಅದನ್ನು ನಾನೇ ಯಾಕೆ ಬಾಯಿಬಿಟ್ಟು ಹೇಳಲಿ?

ಮಂಗಳವಾರ ಬೆಳಿಗ್ಗೆ ಐದೂವರೆಗೆ ಗೇಟಿನ ಮುಂದೆ ಸ್ಕೂಟರಿನ ಹಾರನ್ನು. "ಹತ್ತು, ಅಳೆದು ಬರೋಣ." ಹತ್ತಿದೆ. ಕ್ರೀಡಾಂಗಣದ ಗೇಟಿನ ಎದುರು ಸಾಹೇಬರು ಸ್ಕೂಟರ್ ನಿಲ್ಲಿಸಿ, ಮುಂದಿನ ಚಕ್ರವನ್ನು ಸುಣ್ಣದ ಗೆರೆಗೆ ಸರಿಯಾಗಿ ಕೂರಿಸಿದರು. ಮೀಟರಿನ ಅಂಕಿಯನ್ನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದರು. ಪೆನ್ನು ಹಿಡಿದ ಕೈಯಲ್ಲೇ ಆಕ್ಸಿಲರೇಟರ್ ತಿರುವುತ್ತಾ ಹೊರಟರು. ಪ್ರತಿ ವೃತ್ತದಲ್ಲೂ ನಿಲುಗಡೆ. "ಇಲ್ಲಿ ಎಡಗಡೆ ಓಡಿದ್ಯೋ ಬಲಗಡೆನೋ?" ಬಲಗಡೆ ಅಂದೆ. ತಕ್ಷಣ ಸ್ಕೂಟರನ್ನು ಬಲಗಡೆಗೇ ತಿರುಗಿಸಿದರು. ಎದುರಿನಿಂದ ಶಿರಾ ಬಸ್ಸು ಬರುತ್ತಿತ್ತು. ಚಾಲಕ ನಮ್ಮಿಬ್ಬರ ವಂಶಾವಳಿ ಒದರುತ್ತಾ ಬ್ರೇಕು ಒತ್ತಿದ. ಸಾಹೇಬರು ಅವನಿಗೆ ಕೈಯೆತ್ತಿ ಹೇಳಿದರು, "ಒಂದ್ನಿಮಿಷ ಇರಪ್ಪಾ, ಸರ್ವೇ ನಡೀತಿದೆ."

ಬಸ್ಸು ನಿಂತಿತು. ನಿಜವಾಗಿಯೂ ನಿಂತಿತು. ಹಿಂದೆ ಬರುತ್ತಿದ್ದ ಟೆಂಪೋ ನಿಂತಿತು. ಟೆಂಪೋದಿಂದ ಇಳಿದವನೊಬ್ಬ ಹತ್ತಿರ ಬಂದು, ರಸ್ತೆ ಅಗಲ ಮಾಡ್ತಾರಾ, ನಮ್ಮ ಅಂಗಡಿ ಹೋಗುತ್ತಾ ಅಂತ ಅಳುಮೋರೆಯಲ್ಲಿ ಕೇಳಿದ. ಸಾಹೇಬರು ಇಲ್ಲ ಅನ್ನಲಿಲ್ಲ. "ವರದಿ ಬರ್ಲಿ, ನೋಡೋಣ" ಅಂದು ಅಂಕಿ ಬರೆದುಕೊಂಡರು.

ವಾಪಸ್ ಗೆರೆಗೆ ಬಂದಾಗ ಮೀಟರಿನ ಲೆಕ್ಕ 9.6. ಸಾಹೇಬರು ಅಲ್ಲೇ, ಸೀಟಿನ ಮೇಲೆ ಕ್ಯಾಲೆಂಡರ್ ಹಾಸಿ ತ್ರೈರಾಶಿ ಹಾಕಿದರು. 9.6ಕ್ಕೆ 59:48 ಆದರೆ ಹತ್ತಕ್ಕೆ ಎಷ್ಟು? 62 ನಿಮಿಷ 17 ಸೆಕೆಂಡು. "ಹೋದ ಸಲಕ್ಕಿಂತ ನಿಧಾನ ಆಗಿದೀಯಲ್ಲೋ!"

ಇಂಥ ಹೊತ್ತಿನಲ್ಲಿ ಮನುಷ್ಯ ಓದಿದ್ದೆಲ್ಲ ಉಪಯೋಗಕ್ಕೆ ಬರಬೇಕು. ಸ್ಕೂಟರ್ ಮೀಟರು ಅಳತೆಯಲ್ಲ ಸಾರ್, ಟೈರು ಸವೆದರೆ ಲೆಕ್ಕ ತಪ್ಪುತ್ತೆ ಅಂದೆ. ದೊಡ್ಡ ಓಟಗಳಲ್ಲಿ ಸೈಕಲ್ಲಿನ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಅನ್ನೋ ಸಣ್ಣ ಯಂತ್ರ ಕಟ್ಟುತ್ತಾರೆ. ಮೊದಲು ಸ್ಟೀಲ್ ಟೇಪಿನಲ್ಲಿ ಅಳೆದ ನೇರ ದಾರಿಯಲ್ಲಿ ಸೈಕಲ್ ಓಡಿಸಿ ಹೊಂದಿಸಿಕೊಳ್ಳುತ್ತಾರೆ. ತಿರುವಿನಲ್ಲಿ ಅಂಚಿನಿಂದ 30 ಸೆಂಟಿಮೀಟರ್ ಬಿಟ್ಟು ಅತಿ ಹತ್ತಿರದ ದಾರಿ ಹಿಡಿಯುತ್ತಾರೆ. ಬಿಸಿಲಿಗೆ ಟೈರು ಉಬ್ಬಿದರೆ ಲೆಕ್ಕ ಹೋಗುತ್ತೆ ಅಂತ ಅಳೆದ ಮೇಲೆ ಇನ್ನೊಮ್ಮೆ ಹೊಂದಿಸಿ ನೋಡುತ್ತಾರೆ.

ಸಾಹೇಬರ ಮುಖ ಅರಳಿತು. "ನೆಲ ಅಳೆಯೋ ನಮ್ ಚೈನೂ ಹಂಗೇ ಕಣೋ, ಮಧ್ಯಾಹ್ನದ ಬಿಸಿಲಿಗೆ ಉದ್ದ ಆಗ್ತಿತ್ತು!"

"ಅಷ್ಟಾದ್ರೂ ಕಮ್ಮಿ ಬೀಳಬಾರದು ಅಂತ ಸಾವಿರಕ್ಕೆ ಒಂದು ಹೆಚ್ಚಿಗೆ ಬಿಡ್ತಾರೆ ಸಾರ್. ಹತ್ತು ಕಿಲೋಮೀಟರಿಗೆ ಹತ್ತು ಮೀಟರ್."

ಅವರು ಲೆಕ್ಕ ಹಾಕಿದರು. ಸರ್ವೇ ಚೈನು 33 ಅಡಿ, ಅದರಲ್ಲಿ ಹದಿನಾರು ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲ ಇದ್ದರೆ ಒಂದು ಗುಂಟೆ. ಹತ್ತು ಮೀಟರ್ ಅಂದರೆ ಹೆಚ್ಚುಕಮ್ಮಿ ಪೂರ್ತಿ ಒಂದು ಚೈನು. "ಒಂದ್ ಚೈನು ಬಿಟ್ಕೊಡ್ತಾರಾ? ಮರ್ಯಾದಸ್ಥರು." ಹತ್ತು ಕಿಲೋಮೀಟರು 994 ಚೈನು ಮೂರಾಣೆ ಅಂತ ಬಂತು. ಆ ಮೂರಾಣೆ ಅವರಿಗೆ ಹಿಡಿಸಲಿಲ್ಲ. ಮ್ಯಾರಥಾನ್ ಎಷ್ಟು ಅಂದರು. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿಸಿದ 26 ಮೈಲಿ 385 ಗಜವೇ ಆಮೇಲೆ ಗಟ್ಟಿಯಾಯಿತು ಅಂದೆ. ಪೆನ್ನು ಓಡಿತು. 4195 ಚೈನು. ಆಣೆ ಹೆಚ್ಚಿಲ್ಲ, ಆಣೆ ಕಮ್ಮಿಯಿಲ್ಲ. ಸಾಹೇಬರು ಕ್ಯಾಲೆಂಡರನ್ನು ದೂರ ಹಿಡಿದು ನೋಡಿದರು. "ಇದು ಓಟ. ಓಡೋದಾದ್ರೆ ಇದನ್ನ ಓಡು."

ಮತ್ತೆ ಕ್ಯಾತ್ಸಂದ್ರಕ್ಕೇ ಹೋಗಿ ತಟ್ಟೆ ಇಡ್ಲಿ ತಿಂದೆವು. ಬಿಲ್ಲು ನನ್ನದು. ಚಟ್ನಿ ಕಲಸುತ್ತಾ ಸಾಹೇಬರು ಪಾವಗಡ, ಮಧುಗಿರಿ, ಶಿರಾ ಕಡೆ ಚೈನು ಎಳೆಸಿಕೊಂಡು ತಿರುಗಿದ ಕಾಲದ ಮಾತು ತೆಗೆದರು. ಬಸ್ಸಿಲ್ಲದ ಊರುಗಳಿಗೆ ನಡೆದೇ ಹೋಗಿ, ದಿನವಿಡೀ ಹೊಲದಲ್ಲಿ ನಡೆದು, ರಾತ್ರಿ ಶಾಲೆಯ ಜಗುಲಿಯ ಮೇಲೆ ಮಲಗುತ್ತಿದ್ದರಂತೆ. ಈಗ ಮಂಡಿ ಹಿಡಿದಿದೆ, ಗೇಟಿಗೆ ಬರಬೇಕಾದರೂ ಕೋಲು ಬೇಕು. "ಊರವ್ರ ನೆಲ ಎಲ್ಲ ಅಳೆದೆ. ನಾನೆಷ್ಟು ನಡೆದೆ ಅಂತ ಒಂದಿನಾನೂ ಬರ್ಕೊಳ್ಳಲಿಲ್ಲ ನೋಡು" ಅಂದರು. ನನಗೆ ಏನು ಹೇಳಲೂ ತೋಚದೆ ಅವರ ತಟ್ಟೆಗೆ ಇನ್ನೊಂದು ಇಡ್ಲಿ ಹಾಕಿಸಿದೆ.

ಹಾಗಂತ ನನ್ನ ಟೈಮಿಗೆ ರಿಯಾಯಿತಿಯೇನೂ ಸಿಗಲಿಲ್ಲ. ಬುಧವಾರ ಹೊತ್ತು ಮುಳುಗುವಷ್ಟರಲ್ಲಿ ನನ್ನ ಪರ್ಸನಲ್ ಬೆಸ್ಟ್‌ನ ಅಳತೆ ತಕರಾರಿನಲ್ಲಿದೆ ಅನ್ನುವುದು ಬೀದಿಗೆಲ್ಲ ಗೊತ್ತಾಗಿತ್ತು. ಸೊಪ್ಪಿನಜ್ಜಿ ಇವತ್ತು ಬೆಳಿಗ್ಗೆ, "ನಿಮ್ದೇನೋ ಕಮ್ಮಿ ಬಂತಂತೆ?" ಅಂತ ಕೇಳಿ, ಕೊತ್ತಂಬರಿ ಸೊಪ್ಪನ್ನು ಒಂದು ಹಿಡಿ ಜಾಸ್ತಿ ಹಾಕಿದಳು.

ಬೆಂಗಳೂರಿನಲ್ಲಿ 2008ರಿಂದ ವರ್ಲ್ಡ್ 10ಕೆ ನಡೆಯುತ್ತದೆ, ಅಲ್ಲಿ ದಾರಿಯನ್ನು ನಿಯಮದ ಪ್ರಕಾರವೇ ಅಳೆದಿರುತ್ತಾರೆ, ಅಲ್ಲಿ ಓಡಿ ತೋರಿಸುತ್ತೇನೆ ಅಂತ ಸಾಹೇಬರಿಗೆ ಸವಾಲು ಹಾಕಿದ್ದೇನೆ. ಅವರೂ ಬರುತ್ತಾರಂತೆ, ಸ್ಕೂಟರ್ ಸಮೇತ. ಪೆಟ್ರೋಲಿನ ದುಡ್ಡು ಯಾರದು ಅನ್ನುವುದರ ಮೇಲೆ ಮಾತುಕತೆ ನಡೆಯುತ್ತಿದೆ.