ವಿಳಾಸ ತಪ್ಪಿದ ಬರ್ಕ್ಲಿ

ಅಪ್ಪ ಊರಿಂದ ಬಂದಿದ್ದಾಗ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ, ಅಲ್ಲಿನ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಮ್ಯಾಚ್ ತೋರಿಸೋಕೆ ಕರೆದುಕೊಂಡು ಹೋಗಿದ್ದೆ. ಕಾಲಲ್ಲಿ ಒದೆಯೋದೇ ಅಪರೂಪ, ಇದಕ್ಯಾಕೋ ಫುಟ್‌ಬಾಲ್ ಅಂತಾರೆ ಅಂತ ಎರಡು ಸಲ ಕೇಳಿ ಸುಮ್ಮನಾದರು. ಆಮೇಲೆ ಮೈದಾನದ ಮೇಲೆ ದೊಡ್ಡದಾಗಿ ಬರೆದಿದ್ದ ಎಸಿಸಿ ಅನ್ನೋ ಮೂರಕ್ಷರ ತೋರಿಸಿ ಏನದು ಅಂದರು. ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್ ಅಂದೆ.

"ಅಟ್ಲಾಂಟಿಕ್ ಆ ಕಡೆ ಅಲ್ವೇನೋ? ಇಲ್ಲಿರೋದು ಪೆಸಿಫಿಕ್."

30 ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವರು. ವಿಳಾಸ ತಪ್ಪಿದ್ದರೆ ತಕ್ಷಣ ಕಣ್ಣಿಗೆ ಬೀಳುತ್ತೆ.

ಗೊತ್ತಿಲ್ಲದವರಿಗೆ: ಕಾನ್ಫರೆನ್ಸ್ ಅಂದರೆ ಅಕ್ಕಪಕ್ಕದ ಕಾಲೇಜುಗಳು ವರ್ಷಾವರ್ಷ ತಮ್ಮತಮ್ಮಲ್ಲೇ ಆಡೋಕೆ ಮಾಡಿಕೊಂಡ ಗುಂಪು. ಪಶ್ಚಿಮ ಕರಾವಳಿಯದು 1915ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ನಾಲ್ಕೇ ಕಾಲೇಜುಗಳಿಂದ ಶುರುವಾಯ್ತು, ಅದರಲ್ಲಿ ಬರ್ಕ್ಲಿಯೂ ಒಂದು. ಬೆಳೆದು 1968ಕ್ಕೆ ಪ್ಯಾಕ್-8 (ಪ್ಯಾಕ್ ಅಂದರೆ ಪೆಸಿಫಿಕ್, ಅಂಕಿ ಅಂದರೆ ಕಾಲೇಜುಗಳ ಲೆಕ್ಕ), 1978ಕ್ಕೆ ಪ್ಯಾಕ್-10, 2011ಕ್ಕೆ ಪ್ಯಾಕ್-12. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಯುಎಸ್‌ಸಿ, ಯುಸಿಎಲ್‌ಎ ಎರಡೂ ಬಿಗ್ ಟೆನ್ ಅನ್ನೋ ಬೇರೆ ಕಾನ್ಫರೆನ್ಸ್ ಸೇರ್ತೀವಿ ಅಂದವು. ಮುಂದಿನ ಬೇಸಿಗೆಯಲ್ಲಿ ಉಳಿದವರ ಮ್ಯಾಚ್ ತೋರಿಸೋಕೆ ಆಪಲ್ ಸ್ಟ್ರೀಮಿಂಗ್ ಒಪ್ಪಂದ ಮುಂದಿಟ್ಟರೆ ಯಾರಿಗೂ ರುಚಿಸಲಿಲ್ಲ. 2023ರ ಆಗಸ್ಟ್ 4, ಒಂದೇ ದಿನ ಐದು ಕಾಲೇಜು ಹೊರಗೆ. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಕೂಡ ಅಟ್ಲಾಂಟಿಕ್ ಪಾಲು. ಉಳಿದಿದ್ದು ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ.

ಕಾನ್ಫರೆನ್ಸ್‌ಗಳು ಯಾವತ್ತೂ ಬದಲಾಗ್ತಾನೇ ಇದ್ದವು, ನೀನ್ಯಾಕೆ ಗೋಳಾಡ್ತೀಯ ಅಂತ ಆಫೀಸಿನ ಗೆಳೆಯನೊಬ್ಬ ಕೇಳಿದ. ನಿಜಾನೇ. ಶಿಕಾಗೊ ವಿಶ್ವವಿದ್ಯಾಲಯ 1946ರಲ್ಲೇ ಬಿಗ್ ಟೆನ್ ಬಿಟ್ಟಿತು. ನಮ್ಮ ಕಡೆಯದೂ ಆಟಗಾರರಿಗೆ ಕದ್ದು ಹಣ ಕೊಟ್ಟ ಹಗರಣದಲ್ಲಿ 1959ರಲ್ಲಿ ಒಮ್ಮೆ ಒಡೆದಿತ್ತು. ಆಗಲೂ ಹೊರಗುಳಿದವರಲ್ಲಿ ಇದೇ ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಇದ್ದವು, ಪಾಪ. ಆದರೆ 1964ರ ಹೊತ್ತಿಗೆ ಅವರನ್ನೂ ಒಳಗೆ ಕರೆದುಕೊಂಡರು. ಯಾಕಂದ್ರೆ ಆಗ ಆಡೋಕೆ ಪಕ್ಕದೂರಿನವರೇ ಬೇಕಿತ್ತು. ಈಗ ಟಿವಿ ಸಾಕು. ಬಿಗ್ ಟೆನ್‌ನ 2022ರ ಟಿವಿ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರಿಗೂ ಜಾಸ್ತಿ. (ಹೆಸರು ಬಿಗ್ ಟೆನ್, ಈಗ ಇರೋದು 18 ತಂಡ. ಲೆಕ್ಕ ಕೇಳಬೇಡಿ.)

ನನ್ನ ತಕರಾರು ಫುಟ್‌ಬಾಲ್ ಮೇಲಲ್ಲ. ಅವರು ವಾರಕ್ಕೊಂದು ಮ್ಯಾಚ್ ಆಡ್ತಾರೆ, ಅದೂ ಸಾಮಾನ್ಯವಾಗಿ ಶನಿವಾರ, ಅದರಲ್ಲೂ ಅರ್ಧ ತಮ್ಮ ಊರಲ್ಲೇ. ದುಡ್ಡು ತರೋರೂ ಅವರೇ, ಅಟ್ಲಾಂಟಿಕ್ ತೀರದ ಮಯಾಮಿಗೆ ಹಾರಲಿ. ಆದರೆ ವಾಲಿಬಾಲ್, ಸಾಕರ್, ಸಾಫ್ಟ್‌ಬಾಲ್ ಆಡೋ ಮಕ್ಕಳನ್ನೂ ಅದೇ ಗಂಟಿಗೆ ಕಟ್ಟಿ ಕಳಿಸಿದ್ರಲ್ಲ, ಅದು ಯಾವ ನ್ಯಾಯ? ಸ್ಯಾನ್ ಫ್ರಾನ್ಸಿಸ್ಕೊದಿಂದ ಮಯಾಮಿಗೆ 4,100 ಕಿಲೋಮೀಟರ್ ಚಿಲ್ಲರೆ. ಬೆಂಗಳೂರಿಂದ ದೆಹಲಿಗೆ ವಿಮಾನದಲ್ಲಿ ಹೋಗೋ ದೂರದ ಎರಡು ಪಟ್ಟಿಗಿಂತ ಜಾಸ್ತಿ! ಜೊತೆಗೆ ಮೂರು ಗಂಟೆ ಸಮಯ ವ್ಯತ್ಯಾಸ. ಟಿವಿಯವರು ದುಡ್ಡು ಸುರಿದದ್ದು ಆ ಮಕ್ಕಳ ಆಟಕ್ಕಲ್ಲ, ನಿದ್ದೆಗೆಟ್ಟು ಬಂದು ಬೆಳಗ್ಗೆ ಲ್ಯಾಬಲ್ಲಿ ಕೂರೋರು ಮಾತ್ರ ಅವರೇ.

ತಮಾಷೆ ಅಂದ್ರೆ ಯುಸಿಎಲ್‌ಎ, ಬರ್ಕ್ಲಿ ಎರಡೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅನ್ನೋ ಒಂದೇ ಮನೆಯವು. ತಮ್ಮ ಯುಸಿಎಲ್‌ಎ ಕಾನ್ಫರೆನ್ಸ್ ಬಿಟ್ಟು ಹೋಗಿ ಅಣ್ಣ ಬರ್ಕ್ಲಿಗೆ ನಷ್ಟವಾಯ್ತು ಅಂತ, ವರ್ಷಕ್ಕೆ ಒಂದು ಕೋಟಿ ಡಾಲರ್ ಕೊಡು ಅಂತ 2024ರಲ್ಲಿ ಮನೆಯ ಹಿರಿಯರು, ಅಂದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿ, ತೀರ್ಪು ಕೊಟ್ಟರು. ಇದಕ್ಕೆ ಜೀವನಾಂಶ ಅನ್ನಬೇಕೋ ಭಾಗ ಅನ್ನಬೇಕೋ ನೀವೇ ಹೇಳಿ.

ಮ್ಯಾಚ್ ಮುಗಿಸಿ ಗುಡ್ಡ ಇಳಿದು ಬರುವಾಗ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಎಲ್ಲಾ ಕೇಳಿಸಿಕೊಂಡು "ಆ ಮಕ್ಕಳು ಆಡೋಕೆ ಹತ್ತಿರದಲ್ಲಿ ಬೇರೆ ಕಾಲೇಜೇ ಇಲ್ವಾ?" ಅಂದರು.

ಇದೆ ಅಪ್ಪ. ಡೇವಿಸ್ ಇದೆ, ಬಸ್ಸಲ್ಲಿ ಒಂದು ಗಂಟೆ ಚಿಲ್ಲರೆ.